ನೆವಾಡಾದ ಮರುಭೂಮಿ ಹೆದ್ದಾರಿಗಳಲ್ಲಿ ಟ್ರಕ್ ಚಾಲನೆ: ಹೊರಡುವ ಮುನ್ನದಿಂದ ತಲುಪುವ ತನಕ

ಲಾಸ್ ವೇಗಸ್‌ನಿಂದ ರೀನೋಗೆ ಸರಕು ಒಯ್ಯುವ ಚಾಲಕನಿಗೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಹುಪಥದ, ನೇರವಾದ ಇಂಟರ್‌ಸ್ಟೇಟ್ ಹೆದ್ದಾರಿಯೇ ಇಲ್ಲ. ಒಂದೇ ರಾಜ್ಯದ ಈ ಎರಡು ದೊಡ್ಡ ನಗರಗಳನ್ನು ಜೋಡಿಸುವುದು ಸುಮಾರು 440 ಮೈಲಿ, ಅಂದರೆ 700 ಕಿಲೋಮೀಟರಿಗೂ ಹೆಚ್ಚು ಉದ್ದದ, ಬಹುಪಾಲು ಎರಡೇ ಪಥದ ದಾರಿ. ಅದರ ಮುಖ್ಯ ಭಾಗ ಯು.ಎಸ್.-95. ಅರಿಝೋನಾದ ಫೀನಿಕ್ಸ್‌ನಿಂದ ಐಡಾಹೋ ರಾಜ್ಯದ ಕಡೆಗೆ ಹೋಗುವವರಿಗೆ ಯು.ಎಸ್.-93 ಇದೆ. ನೆವಾಡಾವನ್ನು ಪೂರ್ವ ಪಶ್ಚಿಮವಾಗಿ ಸೀಳಿಕೊಂಡು ಹೋಗುವವು ಯು.ಎಸ್.-6 ಮತ್ತು ಯು.ಎಸ್.-50, 1986ರಲ್ಲಿ ಲೈಫ್ ಪತ್ರಿಕೆಯು ಯು.ಎಸ್.-50ನ್ನು ಅಮೆರಿಕದ ಅತ್ಯಂತ ಏಕಾಂಗಿ ರಸ್ತೆ ಎಂದು ಕರೆದ ಮೇಲೆ ಆ ಹೆಸರೇ ಅದಕ್ಕೆ ಅಂಟಿಕೊಂಡಿದೆ.

ಇಂಟರ್‌ಸ್ಟೇಟ್‌ನಲ್ಲಿ ಗಾಡಿ ಓಡಿಸಿ ಪಳಗಿದವರಿಗೆ ಈ ರಸ್ತೆಗಳು ಮೊದಲ ನೋಟಕ್ಕೆ ಸುಲಭವೆನಿಸುತ್ತವೆ. ವಾಹನಗಳ ಒತ್ತಡವಿಲ್ಲ, ಲೇನ್ ಬದಲಿಸುವವರ ಕಾಟವಿಲ್ಲ, ಹತ್ತಾರು ಮೈಲಿ ನೇರ ದಾರಿ. ಆದರೆ ಇಂಟರ್‌ಸ್ಟೇಟ್‌ನಲ್ಲಿ ಮಾಡಿದ ತಪ್ಪನ್ನು ಮುಂದಿನ ಎಕ್ಸಿಟ್‌ನಲ್ಲಿ ತಿದ್ದಿಕೊಳ್ಳಬಹುದು. ಇಲ್ಲಿ ಮುಂದಿನ ಎಕ್ಸಿಟ್ ಎಂಬುದೇ ಇಲ್ಲ. ಡೀಸೆಲ್, ನಿದ್ದೆ, ಟೈರು, ನೀರು, ನಿಲುಗಡೆ ಎಲ್ಲದರ ನಿರ್ಧಾರವನ್ನೂ ಒಂದು ಊರು ಮುಂಚಿತವಾಗಿಯೇ ಮಾಡಿರಬೇಕು. ಈ ಮಾರ್ಗದರ್ಶಿಯ ಹಂತಗಳೆಲ್ಲವೂ ಆ ಒಂದು ನಿಯಮದಿಂದ ಹುಟ್ಟಿದವು.

ಹಂತ 1: ಈ ದಾರಿ ಹಿಡಿಯಬೇಕೇ ಎಂದು ತೀರ್ಮಾನಿಸಿ

ಲಾಸ್ ವೇಗಸ್‌ನಿಂದ ಐಡಾಹೋದ ಟ್ವಿನ್ ಫಾಲ್ಸ್‌ಗೆ ಇಂಟರ್‌ಸ್ಟೇಟ್ ಹಿಡಿದು ಸಾಲ್ಟ್ ಲೇಕ್ ಸಿಟಿಯ ಮೂಲಕ ಹೋದರೆ ಸುಮಾರು 640 ಮೈಲಿ ಆಗುತ್ತದೆ. ನೆವಾಡಾ ರಾಜ್ಯ ಹೆದ್ದಾರಿ 318 ಮತ್ತು ಯು.ಎಸ್.-93 ಸೇರಿದ ಮರುಭೂಮಿಯ ದಾರಿ ಸುಮಾರು 500 ಮೈಲಿ. ಇಷ್ಟು ಉಳಿತಾಯವಿದ್ದಾಗ, ಸಾಲ್ಟ್ ಲೇಕ್ ಸಿಟಿಯ ಸಂಜೆಯ ದಟ್ಟಣೆಯೂ ತಪ್ಪುವುದರಿಂದ, ಬೇಸಿಗೆಯ ಹಗಲಿನಲ್ಲಿ ನಾನು ಮರುಭೂಮಿಯನ್ನೇ ಆರಿಸಿಕೊಳ್ಳಲು ಹೇಳುತ್ತೇನೆ. ಚಳಿಗಾಲದ ಹಿಮಪಾತದ ಮುನ್ಸೂಚನೆಯಿದ್ದರೆ, ಟ್ರೇಲರ್ ಖಾಲಿಯಿದ್ದು ಬಿರುಗಾಳಿಯ ಎಚ್ಚರಿಕೆಯಿದ್ದರೆ, ಅಥವಾ ಗಾಡಿಯಲ್ಲಿ ಒಂದು ಸಣ್ಣ ದೋಷವಾದರೂ ಬಾಕಿ ಉಳಿದಿದ್ದರೆ ಇಂಟರ್‌ಸ್ಟೇಟ್ ಮೇಲು. ಅಲ್ಲಿ ಮೆಕ್ಯಾನಿಕ್ ಒಂದೆರಡು ಗಂಟೆಯಲ್ಲಿ ಬರುತ್ತಾನೆ. ಇಲ್ಲಿ ಆತ ಹೊರಟು ತಲುಪುವಷ್ಟರಲ್ಲಿ ಅರ್ಧ ದಿನವೇ ಕಳೆಯಬಹುದು. ಮೊಬೈಲ್ ಫೋನಿನ ಸಾಮಾನ್ಯ ನಕಾಶೆ ತೋರಿಸಿದ ಅಡ್ಡದಾರಿಯನ್ನು ನಂಬಿ ಟ್ರಕ್ಕನ್ನು ಕೌಂಟಿ (ಅಲ್ಲಿನ ಜಿಲ್ಲೆ) ರಸ್ತೆಗೆ ಇಳಿಸಬಾರದು. ಅದು ಕಾರಿನ ಲೆಕ್ಕ. ಆ ದಾರಿ ಡಾಂಬರು ಮುಗಿದು ಜಲ್ಲಿಕಲ್ಲಿನ ರಸ್ತೆಯಾದರೂ ನಕಾಶೆ ಮುಂದಕ್ಕೇ ಕರೆದೊಯ್ಯುತ್ತದೆ. ಟ್ರಕ್‌ಗಳಿಗಾಗಿಯೇ ಮಾಡಿದ ಜಿ.ಪಿ.ಎಸ್. ಮತ್ತು ಮುದ್ರಿತ ನಕಾಶೆ ಎರಡೂ ಜೊತೆಗಿರಲಿ.

ಹಂತ 2: ನಕಾಶೆಯನ್ನು ಊರೂರಾಗಿ ಓದಿ

ನಕಾಶೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಅಲ್ಲಿ ಊರಿರುತ್ತದೆ ಎಂದು ಭಾವಿಸುವುದೇ ಹೊಸಬರು ಇಲ್ಲಿ ಮಾಡುವ ಅತಿ ದೊಡ್ಡ ತಪ್ಪು. ಯು.ಎಸ್.-6ರಲ್ಲಿ ಈಲಿಯಿಂದ ಟೊನೊಪಾಗೆ ಸುಮಾರು 168 ಮೈಲಿ. ನಡುವೆ ಕರಂಟ್ ಎಂಬ ಹೆಸರು ಕಾಣುತ್ತದೆ, ಮುಂದೆ ಹೆದ್ದಾರಿ 375 ಕೂಡುವಲ್ಲಿ ವಾರ್ಮ್ ಸ್ಪ್ರಿಂಗ್ಸ್ ಎಂಬ ಹೆಸರು ಕಾಣುತ್ತದೆ. ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಉಳಿದಿರುವುದು ಬಾಗಿಲು ಮುಚ್ಚಿದ ಹಳೆಯ ಕಟ್ಟಡ ಮತ್ತು ಹಬೆಯಾಡುವ ಬಿಸಿನೀರಿನ ಬುಗ್ಗೆ. ಕರಂಟ್‌ನಲ್ಲಿಯೂ ಟ್ರಕ್ಕಿಗೆ ಡೀಸೆಲ್ ಸಿಗುವುದಿಲ್ಲ. ಟೊನೊಪಾದ ಪಶ್ಚಿಮಕ್ಕೆ ಯು.ಎಸ್.-6 ಮತ್ತು ಯು.ಎಸ್.-95 ಕವಲೊಡೆಯುವ ಕೋಲ್‌ಡೇಲ್‌ನಲ್ಲಿ ಪಾಳುಬಿದ್ದ ಬಂಕ್ ಒಂದಿದೆ, ಅಷ್ಟೆ.

ಆದ್ದರಿಂದ ಹೊರಡುವ ಹಿಂದಿನ ದಿನ ಒಂದು ಹಾಳೆಯಲ್ಲಿ ನಿಜವಾಗಿ ಸೌಕರ್ಯವಿರುವ ಊರುಗಳನ್ನು ಮಾತ್ರ ಬರೆದುಕೊಳ್ಳಿ. ಯು.ಎಸ್.-50ರಲ್ಲಿ ಫ್ಯಾಲನ್‌ನಿಂದ ಆಸ್ಟಿನ್‌ಗೆ ಸುಮಾರು 110 ಮೈಲಿ, ಅಲ್ಲಿಂದ ಯುರೇಕಾಗೆ 70, ಅಲ್ಲಿಂದ ಈಲಿಗೆ 77. ಯು.ಎಸ್.-95ರಲ್ಲಿ ಲಾಸ್ ವೇಗಸ್‌ನಿಂದ ಬೇಟಿಗೆ ಸುಮಾರು 115 ಮೈಲಿ, ಬೇಟಿಯಿಂದ ಟೊನೊಪಾಗೆ 93, ಟೊನೊಪಾದಿಂದ ಹಾಥಾರ್ನ್‌ಗೆ 104. ಪ್ರತಿ ಊರಿನ ಮುಂದೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇಲ್ಲಿನ ಬಂಕಿಗೆ 53 ಅಡಿಯ ಟ್ರೇಲರ್ ನುಗ್ಗಿ ತಿರುಗಿ ಹೊರಬರುತ್ತದೆಯೇ, ಅದು ರಾತ್ರಿ ತೆರೆದಿರುತ್ತದೆಯೇ, ಇಲ್ಲಿ ಹತ್ತು ಗಂಟೆ ಗಾಡಿ ನಿಲ್ಲಿಸಲು ಜಾಗವಿದೆಯೇ? ಉತ್ತರ ಗೊತ್ತಿಲ್ಲದಿದ್ದರೆ ಬಂಕಿಗೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. ಚಿಕ್ಕ ಊರಿನ ಜನ ತಾಳ್ಮೆಯಿಂದ ಹೇಳುತ್ತಾರೆ.

ಹಂತ 3: ಡ್ಯೂಟಿ ಗಂಟೆಗಳನ್ನು ನಿಲುಗಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಸರಕು ವಾಹನ ಚಾಲಕರಿಗೆ ಅನ್ವಯಿಸುವ ಒಕ್ಕೂಟ ನಿಯಮ ಎಲ್ಲೆಡೆಯೂ ಒಂದೇ. ಸತತ 10 ಗಂಟೆ ವಿಶ್ರಾಂತಿಯ ನಂತರ, ಕೆಲಸ ಆರಂಭಿಸಿದ 14 ಗಂಟೆಗಳ ಒಳಗೆ ಗರಿಷ್ಠ 11 ಗಂಟೆ ಚಾಲನೆ ಮಾಡಬಹುದು. ಒಟ್ಟು 8 ಗಂಟೆ ಓಡಿಸಿದ ಮೇಲೆ ಕನಿಷ್ಠ 30 ನಿಮಿಷದ ವಿರಾಮ ಕಡ್ಡಾಯ. ಇಂಟರ್‌ಸ್ಟೇಟ್‌ನಲ್ಲಿ ಗಂಟೆ ಮುಗಿಯುತ್ತ ಬಂದಾಗ ಟ್ರಕ್‌ಸ್ಟಾಪ್ ಹುಡುಕುವ ರೂಢಿಯಿದೆ. ಇಲ್ಲಿ ಆ ರೂಢಿ ನಡೆಯದು. ಈಲಿಯಲ್ಲಿ ನಿಮ್ಮ ಬಳಿ ಚಾಲನೆಯ ಎರಡೂವರೆ ಗಂಟೆ ಉಳಿದಿದೆ ಎಂದಿಟ್ಟುಕೊಳ್ಳಿ. ಘಾಟಿಗಳನ್ನು ಏರಿಳಿದು ಟೊನೊಪಾ ತಲುಪಲು ತುಂಬಿದ ಗಾಡಿಗೆ ಸುಮಾರು ಮೂರು ಗಂಟೆ ಬೇಕು. ಹೊರಟರೆ ಲಾಗ್, ಅಂದರೆ ಚಾಲನೆಯ ಗಂಟೆಗಳ ದಾಖಲೆಯ ಮಿತಿ, ಮೀರಬೇಕು, ಇಲ್ಲವೇ ಕತ್ತಲಲ್ಲಿ ರಸ್ತೆಯಂಚಿನಲ್ಲಿ ನಿಲ್ಲಬೇಕು, ಎರಡೂ ಸಲ್ಲದು. ಆ ದಿನ ಈಲಿಯಲ್ಲೇ ತಂಗಿ, ಕಂಪನಿಯಿಂದ ಗಾಡಿಗಳ ಓಡಾಟ ನಿರ್ವಹಿಸುವ ಡಿಸ್ಪ್ಯಾಚರ್‌ಗೆ ಕಾರಣವನ್ನು ಸ್ಪಷ್ಟವಾಗಿ ಬರೆದು ತಿಳಿಸಿ.

ಟೊನೊಪಾದ ಪಶ್ಚಿಮಕ್ಕಿರುವ ಮಿಲ್ಲರ್ಸ್ ವಿಶ್ರಾಂತಿ ತಾಣದಂತಹ ಕೆಲವೇ ಜಾಗಗಳಲ್ಲಿ ಟ್ರಕ್‌ಗಳು ನಿಲ್ಲಬಹುದು. ಎಲ್ಲಿ ಮಲಗಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುವ ಸಮಯವನ್ನು ನಿರ್ಧರಿಸಿ. ಯೂಟಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ ಎಂಬುದನ್ನೂ ಸರಕು ಇಳಿಸುವ ಸಮಯದ ಲೆಕ್ಕದಲ್ಲಿ ಸೇರಿಸಿ.

ಹಂತ 4: ಅರ್ಧ ಟ್ಯಾಂಕಿನ ನಿಯಮ

ಎರಡು ಟ್ಯಾಂಕ್ ಸೇರಿ 200 ಗ್ಯಾಲನ್ ಹಿಡಿಯುವ, ಗ್ಯಾಲನ್‌ಗೆ ಆರು ಮೈಲಿ ಓಡುವ ಗಾಡಿಗೆ 1,200 ಮೈಲಿಯ ಡೀಸೆಲ್ ಇರುತ್ತದೆ. ಹಾಗಾಗಿ ಓಡುವಷ್ಟು ಡೀಸೆಲ್‌ಗೆ ಕೊರತೆಯಾಗುವುದು ಅಪರೂಪ. ಸಮಸ್ಯೆ ಬೇರೆ ಕಡೆಯಿದೆ. ಅಪಘಾತವಾಗಿ ರಸ್ತೆ ಮುಚ್ಚಿದರೆ ರಾತ್ರಿಯಿಡೀ ಎಂಜಿನ್ ಚಾಲೂ ಇಟ್ಟು ಬಿಸಿ ಅಥವಾ ತಂಪು ಕಾಯ್ದುಕೊಳ್ಳಬೇಕಾಗಬಹುದು, ಇಲ್ಲವೇ ನೂರಿನ್ನೂರು ಮೈಲಿ ಸುತ್ತಿಕೊಂಡು ಹೋಗಬೇಕಾಗಬಹುದು. ಆದ್ದರಿಂದ ಮುಳ್ಳು ಅರ್ಧಕ್ಕೆ ಇಳಿಯುವ ಮೊದಲೇ ಸೌಕರ್ಯವಿರುವ ಊರಿನಲ್ಲಿ ತುಂಬಿಸಿ. ಶೀತಲ ಟ್ರೇಲರ್ ಇದ್ದರೆ ಅದರ ಪ್ರತ್ಯೇಕ ಟ್ಯಾಂಕನ್ನು ಮರೆಯದಿರಿ. ಹೊಗೆಯ ಮಾಲಿನ್ಯ ಕಡಿಮೆ ಮಾಡುವ ಡಿ.ಇ.ಎಫ್. ದ್ರವವು ಡೀಸೆಲ್‌ನ ಶೇ. 2ರಿಂದ 3ರಷ್ಟು ಖರ್ಚಾಗುತ್ತದೆ. ಅದು ಮುಗಿದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಚಿಕ್ಕ ಊರಿನಲ್ಲಿ ಅದರ ಪಂಪ್ ಇಲ್ಲದಿರಬಹುದು. ಎರಡೂವರೆ ಗ್ಯಾಲನ್ನಿನ ಡಬ್ಬ ಒಂದನ್ನು ಸೈಡ್ ಬಾಕ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಹಂತ 5: ಗಾಡಿಯ ತಪಾಸಣೆ, ಅದರಲ್ಲೂ ಟೈರು

ಪ್ರಯಾಣಪೂರ್ವ ತಪಾಸಣೆಯ ಪಟ್ಟಿ ಎಲ್ಲ ಚಾಲಕರಿಗೂ ಬಾಯಿಪಾಠವಾಗಿರುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಮರುಭೂಮಿಗೆ ಹೊರಡುವಾಗ ಕೂಲೆಂಟ್ ಮಟ್ಟ, ಬೆಲ್ಟುಗಳ ಬಿಗುವು, ಹೋಸುಗಳ ಬಿರುಕು ಇವುಗಳ ಮೇಲೆ ಎರಡು ನಿಮಿಷ ಹೆಚ್ಚು ಕಳೆಯಿರಿ. ಉಳಿದ ಸಮಯವೆಲ್ಲ ಟೈರಿಗೆ ಮೀಸಲಿರಲಿ.

ಟೈರಿನ ಗಾಳಿಯನ್ನು ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ, ಗೇಜ್ ಹಾಕಿಯೇ ನೋಡಬೇಕು. ಜೋಡಿ ಟೈರುಗಳ ಪೈಕಿ ಒಳಗಿನದನ್ನು ಕೈ ತೂರಿಸಿ ಪರೀಕ್ಷಿಸುವ ಬೇಸರಕ್ಕೆ ಅನೇಕರು ಅದನ್ನು ಬಿಟ್ಟುಬಿಡುತ್ತಾರೆ. ಅಲ್ಲೇ ಗಾಳಿ ಕಡಿಮೆಯಾಗಿ, ಎಲ್ಲ ಭಾರ ಹೊರಗಿನ ಟೈರಿನ ಮೇಲೆ ಬಿದ್ದು, ಎರಡೂ ಕಾದು ಸಿಡಿಯುತ್ತವೆ. ಮುಂದಿನ ಟೈರುಗಳ ಗೀರಿನ ಆಳ ಕನಿಷ್ಠ 4/32 ಇಂಚು, ಉಳಿದವುಗಳದು 2/32 ಇಂಚು ಇರಬೇಕೆಂಬುದು ನಿಯಮ. ಆ ಕನಿಷ್ಠ ಮಟ್ಟಕ್ಕೆ ಬಂದ ಟೈರಿನೊಂದಿಗೆ ಜುಲೈ ತಿಂಗಳಲ್ಲಿ ಯು.ಎಸ್.-95 ಹತ್ತುವುದನ್ನು ನಾನು ಯಾರಿಗೂ ಸೂಚಿಸಲಾರೆ. ಲಾಸ್ ವೇಗಸ್ ಸುತ್ತಮುತ್ತ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ, ಡಾಂಬರಿನ ಬಿಸಿ ಅದಕ್ಕೂ ಬಹಳ ಹೆಚ್ಚು.

ಬಿಸಿಲಿನಲ್ಲಿ ಓಡಿಸುವಾಗ ಎರಡು ಗಂಟೆಗೊಮ್ಮೆ ಅಥವಾ 100 ಮೈಲಿಗೊಮ್ಮೆ ನಿಂತು ಟೈರುಗಳನ್ನು ನೋಡಬೇಕೆಂದು ಸರಕು ವಾಹನ ಪರವಾನಗಿಯ ಕೈಪಿಡಿಯೇ ಹೇಳುತ್ತದೆ. ಗಾಳಿ ಹೆಚ್ಚಿದೆಯೆಂದು ಕಾದ ಟೈರಿನಿಂದ ಗಾಳಿ ಬಿಡಲೇಬಾರದು. ಅದು ತಣ್ಣಗಾದಾಗ ಒತ್ತಡ ತೀರ ಇಳಿದುಹೋಗುತ್ತದೆ. ಮುಟ್ಟಲಾಗದಷ್ಟು ಬಿಸಿಯಿದ್ದರೆ ತಣಿಯುವ ತನಕ ಹೊರಡಬೇಡಿ. ಚಲಿಸುವಾಗ ಮುಂದಿನ ಟೈರು ಸಿಡಿದರೆ ಬ್ರೇಕ್ ತುಳಿಯದೆ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಗಾಡಿಯನ್ನು ನೇರ ಇಟ್ಟುಕೊಳ್ಳಿ, ವೇಗ ತಾನಾಗಿ ಚೆನ್ನಾಗಿ ಇಳಿದ ಮೇಲಷ್ಟೇ ನಿಧಾನವಾಗಿ ಬ್ರೇಕ್ ಹಾಕಿ.

ಹಂತ 6: ಕ್ಯಾಬಿನ್ನಿನಲ್ಲಿ ಇರಬೇಕಾದುದು

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರಿನಂತೆ, ಮೂರು ದಿನಕ್ಕಾಗುವಷ್ಟು ನೀರು ಸದಾ ಇರಲಿ. ಈ ಮರುಭೂಮಿ ಎತ್ತರದ್ದು. ಈಲಿಯಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ, ಆದ್ದರಿಂದ ದಪ್ಪ ಕಂಬಳಿ ಮತ್ತು ಟೈರಿಗೆ ಹಾಕುವ ಸರಪಳಿಗಳೂ ಬೇಕು. ಇಂಟರ್‌ಸ್ಟೇಟ್‌ಗಳ ಪಕ್ಕದಲ್ಲಿ ಈಗ ಅಲ್ಲಲ್ಲಿ ಪಂಜಾಬಿ ಢಾಬಾಗಳಿವೆ. ಈ ದಾರಿಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ, ಕಡಲೆಬೀಜ, ಗಾಡಿಯ 12 ವೋಲ್ಟಿನಲ್ಲಿ ಕೆಲಸ ಮಾಡುವ ಸಣ್ಣ ಕುಕ್ಕರ್ ಇಟ್ಟುಕೊಂಡರೆ ನಿಶ್ಚಿಂತರಾಗಿರಬಹುದು.

ಊರು ಬಿಟ್ಟು ಕೆಲವೇ ಮೈಲಿಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಕೆಲವೆಡೆ ಗಂಟೆಗಟ್ಟಲೆ ಬರುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಗಾರ್ಮಿನ್ ಇನ್‌ರೀಚ್‌ನಂತಹ ಸಾಧನವನ್ನು ನಾನು ಐಷಾರಾಮ ಎಂದು ಪರಿಗಣಿಸುವುದಿಲ್ಲ. ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳುಹಿಸುವ ಸೌಲಭ್ಯವಿದೆ. ಅದನ್ನು ಬಳಸುವ ಕ್ರಮವನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಚಾಲಕರು ಪರಸ್ಪರ ಮಾತನಾಡುವ ಸಿ.ಬಿ. ರೇಡಿಯೋವನ್ನು 19ನೇ ಚಾನೆಲ್‌ಗೆ ಹಾಕಿಡಿ. ಪ್ರತಿ ಊರು ಬಿಡುವಾಗಲೂ ಮನೆಯವರಿಗೋ ಡಿಸ್ಪ್ಯಾಚರ್‌ಗೋ ‘ಈಗ ಈಲಿ ಬಿಟ್ಟೆ, ಮೂರೂವರೆ ಗಂಟೆಯಲ್ಲಿ ಟೊನೊಪಾದಿಂದ ಸುದ್ದಿ ಕಳುಹಿಸುತ್ತೇನೆ’ ಎಂದು ಬರೆಯಿರಿ. ಸುದ್ದಿ ಬಾರದಿದ್ದರೆ ಯಾವ ಹೊತ್ತಿಗೆ ಯಾರಿಗೆ ತಿಳಿಸಬೇಕೆಂಬುದೂ ಅವರಿಗೆ ಗೊತ್ತಿರಲಿ.

ಹಂತ 7: ಎರಡು ಪಥದ ರಸ್ತೆಯ ಶಿಸ್ತು

ಹಗಲಿನಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಓಡಿಸಿ. ಬಿಸಿಲ ಝಳದಲ್ಲಿ ಎದುರಿನವನಿಗೆ ನಿಮ್ಮ ಗಾಡಿಗಿಂತ ಮೊದಲು ಕಾಣುವುದು ಅದರ ದೀಪ. ಹಳದಿ ಗೆರೆಯ ಆಚೆಗೆ ಎದುರು ಬರುವ ಟ್ರಕ್ ಕೆಲವೇ ಅಡಿ ಅಂತರದಲ್ಲಿ ಹಾದುಹೋಗುವಾಗ ಗಾಳಿಯ ಹೊಡೆತಕ್ಕೆ ಟ್ರೇಲರ್ ಅಲುಗುತ್ತದೆ, ಆಗ ಸ್ಟೀರಿಂಗ್ ಮೇಲೆ ಎರಡೂ ಕೈ ಇರಬೇಕು. ಗಣಿಗಳಿಗೆ ಯಂತ್ರ ಸಾಗಿಸುವ ಅತಿ ಅಗಲದ ಗಾಡಿಗಳು ಮುಂಗಾವಲು ವಾಹನದೊಂದಿಗೆ ಬರುತ್ತವೆ. ಆ ಹಳದಿ ದೀಪ ಕಂಡ ಕೂಡಲೇ ವೇಗ ತಗ್ಗಿಸಿ ಬಲಕ್ಕೆ ಸರಿಯಿರಿ. ಆದರೆ ಡಾಂಬರು ಬಿಟ್ಟು ಇಳಿಯಬೇಡಿ. ರಸ್ತೆಯಂಚಿನ ಮಣ್ಣು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಮರಳೋ ಒದ್ದೆ ಉಪ್ಪುಮಣ್ಣೋ ಇರುತ್ತದೆ, 80,000 ಪೌಂಡ್ ತೂಕದ ಗಾಡಿ ಅದರಲ್ಲಿ ಕ್ಷಣದಲ್ಲಿ ಹೂತುಹೋಗುತ್ತದೆ.

ಓವರ್‌ಟೇಕ್ ಮಾಡುವ ಆತುರ ಬೇಡ. ದೂರ ಅಂದಾಜಿಸಲು ಮರವೂ ಇಲ್ಲ, ಮನೆಯೂ ಇಲ್ಲ, ಎದುರಿನ ವಾಹನ ಎರಡು ಮೈಲಿ ದೂರದಲ್ಲಿದೆಯೋ ಅರ್ಧ ಮೈಲಿಯಲ್ಲಿದೆಯೋ ತಿಳಿಯುವುದು ಕಷ್ಟ. ಮುಂದೆ ಹೆಚ್ಚುವರಿ ಪಥವಿರುವ ಜಾಗದ ತನಕ ಕಾಯಿರಿ. ಗಂಟೆಗೆ 70 ಮೈಲಿಯ ಮಿತಿ ಗೋಲ್ಡ್‌ಫೀಲ್ಡ್, ಬೇಟಿಯಂತಹ ಊರುಗಳಲ್ಲಿ ಸ್ವಲ್ಪ ದೂರದಲ್ಲೇ 25ಕ್ಕೆ ಇಳಿಯುತ್ತದೆ. ಮೊದಲ ಫಲಕ ಕಂಡಾಗಲೇ ವೇಗ ತಗ್ಗಿಸಲು ತೊಡಗಬೇಕು.

ಹಂತ 8: ಘಾಟಿಗಳು

ನೆವಾಡಾದ ಬೆಟ್ಟಸಾಲುಗಳು ಉತ್ತರ ದಕ್ಷಿಣವಾಗಿ ಸಾಲುಸಾಲಾಗಿ ನಿಂತಿವೆ. ಹಾಗಾಗಿ ಪೂರ್ವ ಪಶ್ಚಿಮವಾಗಿ ಹೋಗುವ ಯು.ಎಸ್.-50 ಪ್ರತಿಯೊಂದನ್ನೂ ಹತ್ತಿ ಇಳಿಯಬೇಕಾಗುತ್ತದೆ. ಘಾಟಿಯ ತುದಿಗಳಾದ ರಾಬಿನ್ಸನ್ ಸಮ್ಮಿಟ್ 7,607 ಅಡಿ, ಆಸ್ಟಿನ್ ಸಮ್ಮಿಟ್ 7,484 ಅಡಿ ಎತ್ತರದಲ್ಲಿವೆ. ಪೂರ್ವದಿಂದ ಬರುವಾಗ ಆಸ್ಟಿನ್ ಇಳಿಜಾರು ಕಡಿದಾದ ತಿರುವುಗಳನ್ನು ದಾಟಿ ನೇರವಾಗಿ ಊರಿನ ಮುಖ್ಯ ಬೀದಿಗೇ ಬಂದಿಳಿಯುತ್ತದೆ. ಅಲ್ಲಿ ಬ್ರೇಕ್ ಕಾದು ಹಿಡಿಯದೇ ಹೋದರೆ ಎದುರಿಗಿರುವುದು ಜನವಸತಿ.

ಇಳಿಯುವ ಕ್ರಮ ಹೀಗಿರಲಿ. ತುದಿ ತಲುಪುವ ಮುನ್ನವೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ತಡೆಯಿಂದಲೇ ವೇಗ ಇಳಿಸುವ ಎಂಜಿನ್ ಬ್ರೇಕ್ ಹಾಕಿ. ಇಳಿಜಾರು ಹಿಡಿದ ಮೇಲೆ ಗೇರ್ ಇಳಿಸಲು ಹೋಗಬಾರದು. ನಿಮ್ಮ ಸುರಕ್ಷಿತ ವೇಗ 40 ಮೈಲಿ ಎಂದಿದ್ದರೆ, 40 ಮುಟ್ಟಿದಾಗ ಬ್ರೇಕನ್ನು ದೃಢವಾಗಿ ಒತ್ತಿ ಸುಮಾರು ಮೂರು ಸೆಕೆಂಡಿನಲ್ಲಿ 35ಕ್ಕೆ ತಂದು, ಪೂರ್ತಿ ಬಿಟ್ಟುಬಿಡಿ. ಮತ್ತೆ 40 ಆದಾಗ ಮತ್ತೆ ಒತ್ತಿ. ಕಾಲನ್ನು ಬ್ರೇಕಿನ ಮೇಲೆಯೇ ಹಗುರವಾಗಿ ಇಟ್ಟುಕೊಂಡು ಇಳಿಯುವವರ ಡ್ರಮ್ಮುಗಳೇ ಹೊಗೆಯಾಡುವುದು. ರಸ್ತೆ ಒದ್ದೆಯಾಗಿ ಜಾರುತ್ತಿದ್ದರೆ ಎಂಜಿನ್ ಬ್ರೇಕ್ ಬಂದ್ ಮಾಡಿ. ಚಾಲನಾ ಚಕ್ರಗಳು ಜಾರಿದರೆ ಟ್ರೇಲರ್ ಮಡಚಿಕೊಳ್ಳುತ್ತದೆ.

ಹಂತ 9: ರಾತ್ರಿ, ದನಗಳು, ನಿದ್ದೆ

ಈ ಬಯಲಿನ ಬಹುಭಾಗ ಬೇಲಿಯಿಲ್ಲದ ಹುಲ್ಲುಗಾವಲು. ನೆವಾಡಾ ಕಾನೂನಿನಂತೆ ಅಂಥ ಕಡೆ ದನಗಳನ್ನು ಹೆದ್ದಾರಿಗೆ ಬಾರದಂತೆ ತಡೆಯುವ ಹೊಣೆ ಮಾಲೀಕನದಲ್ಲ, ಡಿಕ್ಕಿಯಿಂದಾದ ನಷ್ಟಕ್ಕೂ ಆತ ಬಾಧ್ಯನಲ್ಲ. ಹಸುವಿನ ಚಿತ್ರವಿರುವ ಹಳದಿ ಫಲಕವನ್ನು ಅಲಂಕಾರವೆಂದು ತಿಳಿಯಬೇಡಿ. ಕಪ್ಪು ಆಂಗಸ್ ದನ ರಾತ್ರಿಯಲ್ಲಿ ಇನ್ನೂ ಬಿಸಿಯಾರದ ಡಾಂಬರಿನ ಮೇಲೆ ನಿಂತಿದ್ದರೆ, ಅದರ ಕಣ್ಣು ನಿಮ್ಮ ಕಡೆಗಿಲ್ಲದ ಹೊರತು ಕೊನೆಯ ಕ್ಷಣದವರೆಗೂ ಏನೂ ಕಾಣದು. ಡಿಮ್ ದೀಪದಲ್ಲಿ ಕಾಣುವುದು ಸುಮಾರು 250 ಅಡಿ, ಬ್ರೈಟ್ ದೀಪದಲ್ಲಿ 350ರಿಂದ 500 ಅಡಿ. ಗಂಟೆಗೆ 55 ಮೈಲಿ ವೇಗದ ಟ್ರಕ್ ನಿಲ್ಲಲು ಬೇಕಾದುದು ಸುಮಾರು 420 ಅಡಿ. ಆದ್ದರಿಂದ ಎದುರಿಗೆ ಯಾರೂ ಇಲ್ಲದಾಗ ಬ್ರೈಟ್ ಇರಲಿ, ವೇಗ 55ರೊಳಗಿರಲಿ. ಪ್ರಾಣಿ ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಾಕಿ. ತಪ್ಪಿಸಲೆಂದು ಸ್ಟೀರಿಂಗ್ ಎಳೆದರೆ ಗಾಡಿ ಮಗುಚುತ್ತದೆ. ಮನಸ್ಸಿಗೆ ಎಷ್ಟು ಕಷ್ಟವಾದರೂ ನಿಮ್ಮ ಪ್ರಾಣ ಮೊದಲು.

ನಿದ್ದೆಯ ಅಪಾಯ ಇಲ್ಲಿ ಹೆಚ್ಚು, ಏಕೆಂದರೆ ಚಾಲಕನನ್ನು ಎಚ್ಚರವಾಗಿಡುವ ಕೆಲಸವೇ ರಸ್ತೆಯಲ್ಲಿರುವುದಿಲ್ಲ. ಕಳೆದ ಐದು ಮೈಲಿ ಹೇಗೆ ಕಳೆಯಿತೆಂಬುದು ನೆನಪಾಗದಿದ್ದರೆ ಕಾಫಿ, ಹಾಡು, ತಣ್ಣನೆ ಗಾಳಿ ಯಾವುದೂ ಪರಿಹಾರವಲ್ಲ. ಡಾಂಬರು ಹಾಕಿದ ನಿಲುಗಡೆ ಸಿಕ್ಕ ಕೂಡಲೇ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ.

ಹಂತ 10: ಗಾಳಿ, ಧೂಳು, ನೀರು

ಬಿರುಗಾಳಿಗೆ ಖಾಲಿ ಟ್ರೇಲರ್ ಸುಲಭದ ತುತ್ತು, ಯು.ಎಸ್.-95 ವಾಕರ್ ಸರೋವರದ ಪಕ್ಕದಲ್ಲಿ ಹಾದುಹೋಗುವ ಭಾಗದಲ್ಲಿ ಅಡ್ಡಗಾಳಿಯೊಂದಿಗೆ ಮೇಲಿನಿಂದ ಉರುಳುವ ಕಲ್ಲುಗಳನ್ನೂ ಗಮನಿಸಬೇಕು. ಧೂಳಿನ ಗೋಡೆ ಎದುರಾದರೆ ಅದರೊಳಕ್ಕೆ ನುಗ್ಗಬೇಡಿ. ಈಗಾಗಲೇ ಒಳಗಿದ್ದರೆ ಸಾಧ್ಯವಾದಷ್ಟು ರಸ್ತೆಯಿಂದ ದೂರ ಸರಿದು ನಿಂತು, ಪಾರ್ಕಿಂಗ್ ಬ್ರೇಕ್ ಹಾಕಿ, ಎಲ್ಲ ದೀಪಗಳನ್ನೂ ಆರಿಸಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ದೀಪ ಆರಿಸುವುದು ವಿಚಿತ್ರವೆನಿಸಬಹುದು, ಆದರೆ ಅರಿಝೋನಾ ಸಾರಿಗೆ ಇಲಾಖೆ ಇದನ್ನೇ ಹೇಳುತ್ತದೆ: ಹಿಂದಿನಿಂದ ಬರುವವರು ಉರಿಯುವ ಕೆಂಪು ದೀಪವನ್ನು ರಸ್ತೆಯೆಂದೇ ನಂಬಿ ಅದರತ್ತ ಬರುತ್ತಾರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ದೂರದ ಬೆಟ್ಟದಲ್ಲಿ ಸುರಿದ ಮಳೆ ಒಣಹಳ್ಳಗಳಲ್ಲಿ ನುಗ್ಗಿ ರಸ್ತೆಗೆ ಬರಬಹುದು. ಹರಿಯುವ ನೀರಿಗೆ ಗಾಡಿ ಇಳಿಸಬೇಡಿ, ಇಳಿಯುವ ತನಕ ಕಾಯಿರಿ.

ಹಂತ 11: ಗಾಡಿ ಕೆಟ್ಟು ನಿಂತಾಗ

ಹತ್ತು ನಿಮಿಷದೊಳಗೆ ಮೂರು ಪ್ರತಿಫಲಕ ತ್ರಿಕೋನಗಳನ್ನು ಇಡಬೇಕು. ಇಂಟರ್‌ಸ್ಟೇಟ್‌ನ ಅಭ್ಯಾಸದಲ್ಲಿ ಮೂರನ್ನೂ ಹಿಂದೆಯೇ ಇಡುವುದು ಇಲ್ಲಿ ತಪ್ಪಾಗುತ್ತದೆ. ಎರಡೂ ದಿಕ್ಕಿನಿಂದ ವಾಹನ ಬರುವ ರಸ್ತೆಯಲ್ಲಿ ಒಂದನ್ನು ಗಾಡಿಯಿಂದ 10 ಅಡಿಯಲ್ಲಿ, ಒಂದನ್ನು 100 ಅಡಿ ಹಿಂದೆ, ಇನ್ನೊಂದನ್ನು 100 ಅಡಿ ಮುಂದೆ ಇಡಬೇಕು. ತಿರುವು ಅಥವಾ ದಿಬ್ಬದ ಮರೆಯಿದ್ದರೆ ಆ ಬದಿಯದನ್ನು 500 ಅಡಿಯವರೆಗೂ ಒಯ್ಯಬಹುದು.

ಸಹಾಯ ಕೇಳುವಾಗ ನಿಂತ ಜಾಗವನ್ನು ಸರಿಯಾಗಿ ಹೇಳುವುದು ಮುಖ್ಯ. ನೆವಾಡಾದ ರಸ್ತೆಬದಿಯ ಮೈಲಿ ಫಲಕಗಳಲ್ಲಿ ಹೆದ್ದಾರಿ ಸಂಖ್ಯೆ, ಕೌಂಟಿಯ ಎರಡಕ್ಷರದ ಗುರುತು ಮತ್ತು ಮೈಲಿ ಸಂಖ್ಯೆ ಇರುತ್ತವೆ: ಎಲ್‌ಎ ಎಂದರೆ ಲ್ಯಾಂಡರ್, ಇಯು ಎಂದರೆ ಯುರೇಕಾ, ಡಬ್ಲ್ಯುಪಿ ಎಂದರೆ ವೈಟ್ ಪೈನ್. ಕೌಂಟಿ ಬದಲಾದಾಗ ಮೈಲಿಯ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಬರೀ ‘ಯು.ಎಸ್.-50ರ 20ನೇ ಮೈಲಿ’ ಎಂದರೆ ಅದು ಒಂದಕ್ಕಿಂತ ಹೆಚ್ಚು ಜಾಗಗಳಿಗೆ ಹೊಂದುತ್ತದೆ, ನೆರವು ತಪ್ಪು ಕಣಿವೆಗೆ ಹೋಗುತ್ತದೆ. ಟೊನೊಪಾ ಇರುವ ನೈ ಕೌಂಟಿ ಒಂದೇ ಕರ್ನಾಟಕದ ವಿಸ್ತೀರ್ಣದ ಸುಮಾರು ಕಾಲು ಭಾಗದಷ್ಟಿದೆ, ಮತ್ತು ಆ ಊರಿನ ಆಸ್ಪತ್ರೆ 2015ರಲ್ಲಿ ಮುಚ್ಚಿತು. ಅಲ್ಲಿಂದ ಹತ್ತಿರದ ಆಸ್ಪತ್ರೆಗೆ 100 ಮೈಲಿಗೂ ಹೆಚ್ಚು ದೂರ. ಹಾಗಾಗಿ ಪ್ರತಿ ಕೌಂಟಿ ದಾಟಿದಾಗ ಅದರ ಹೆಸರನ್ನು ಮನಸ್ಸಿನಲ್ಲಿ ಬದಲಿಸಿಕೊಳ್ಳಿ, ಆಗಾಗ ಫಲಕದ ಸಂಖ್ಯೆ ಓದುತ್ತಿರಿ.

ಯಾವ ಕಾರಣಕ್ಕೂ ಗಾಡಿ ಬಿಟ್ಟು ನಡೆದು ಹೋಗಬೇಡಿ. ದೂರದಿಂದ ಕಾಣುವುದು ಟ್ರಕ್, ಮನುಷ್ಯನಲ್ಲ. ನೆರಳು, ನೀರು, ರೇಡಿಯೋ ಎಲ್ಲವೂ ಅದರ ಬಳಿಯೇ ಇವೆ. ಎಂಜಿನ್ ಕಾದಿದ್ದರೆ ತಣಿಯುವ ಮುನ್ನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಇಲ್ಲಿ ಸಾಗುವ ಬಹುತೇಕ ಚಾಲಕರು ನಿಂತ ಗಾಡಿ ಕಂಡರೆ ವೇಗ ತಗ್ಗಿಸಿ ವಿಚಾರಿಸುತ್ತಾರೆ. ನೀವೂ ಹಾಗೆಯೇ ವಿಚಾರಿಸಿ.

ಹಂತ 12: ತಲುಪಿದ ಮೇಲೆ

ಎದುರಿನ ಗಾಡಿಗಳ ಚಕ್ರದಿಂದ ಸಿಡಿದ ಜಲ್ಲಿಕಲ್ಲು ಮುಂದಿನ ಗಾಜಿಗೆ ಬಡಿಯುವುದು ಇಲ್ಲಿ ಸಾಮಾನ್ಯ. ಚಾಲಕನ ದೃಷ್ಟಿಯ ಭಾಗದಲ್ಲಿ ಮುಕ್ಕಾಲು ಇಂಚಿನ ಬಿಲ್ಲೆ ಮುಚ್ಚಲಾರದಷ್ಟು ದೊಡ್ಡ ಗಾಯವಾಗಿದ್ದರೆ ಅದು ತಪಾಸಣೆಯಲ್ಲಿ ಉಲ್ಲಂಘನೆಯಾಗುತ್ತದೆ, ಚಿಕ್ಕದಿರುವಾಗಲೇ ತುಂಬಿಸಿ. ಟೈರಿನ ಪಕ್ಕೆಯ ಸೀಳು, ಗಾಳಿಯ ಹೋಸುಗಳು, ರೇಡಿಯೇಟರ್ ಮುಂದೆ ಅಂಟಿದ ಹುಳುಗಳ ಪದರ, ಏರ್ ಫಿಲ್ಟರಿನ ಧೂಳು ಇವನ್ನು ನೋಡಿ, ದೋಷಗಳನ್ನು ವರದಿಯಲ್ಲಿ ಬರೆಯಿರಿ. ನಿಮ್ಮ ಊರುಗಳ ಹಾಳೆಯಲ್ಲಿ ಯಾವ ಬಂಕ್ ಮುಚ್ಚಿತ್ತು, ಎಲ್ಲಿ ಟ್ರೇಲರ್ ತಿರುಗಲಿಲ್ಲ, ಯಾವ ಮೈಲಿಯ ಬಳಿ ದನಗಳು ರಸ್ತೆಗೆ ಬಂದಿದ್ದವು ಎಂಬುದನ್ನು ಅದೇ ದಿನ ತಿದ್ದಿ, ಮುಂದಿನ ವಾರ ಆ ದಾರಿಗೆ ಹೊರಟಿರುವ ಸಹ ಚಾಲಕನಿಗೆ ಒಂದು ಪ್ರತಿ ಕೊಡಿ.